ಪೆಲೆಟ್ ಗ್ರಿಲ್ ನಿಮಗೆ ಒಗ್ಗುತ್ತದೆಯೇ? ಕೊಳ್ಳುವ ಮುಂಚೆ ತೂಗಿ ನೋಡಬೇಕಾದ್ದು

ಬಾರ್ಬೆಕ್ಯೂ ಹುಚ್ಚು ಹತ್ತಿಸಿಕೊಂಡವರು ಒಂದಲ್ಲ ಒಂದು ದಿನ ಪೆಲೆಟ್ ಗ್ರಿಲ್ಲಿನ ಮುಂದೆ ನಿಂತು ತಲೆ ಕೆರೆದುಕೊಳ್ಳುತ್ತಾರೆ. ಈಗಾಗಲೇ ಕೊಂಡವರನ್ನು ಕೇಳಿದರೆ, ರಾತ್ರಿ ಮಾಂಸ ಒಳಗಿಟ್ಟು ಮಲಗಿದೆ, ಬೆಳಿಗ್ಗೆ ಎದ್ದಾಗ ಬೆಂದು ಹದವಾಗಿತ್ತು ಅನ್ನುತ್ತಾರೆ. ಇದ್ದಿಲಿನಲ್ಲಿ ಕೈ ಪಳಗಿಸಿಕೊಂಡವರನ್ನು ಕೇಳಿದರೆ ಮೂಗು ಮುರಿಯುತ್ತಾರೆ: ಅದು ಗ್ರಿಲ್ಲೇ ಅಲ್ಲ, ಅಂಗಳದಲ್ಲಿಟ್ಟ ಓವನ್ ಅಷ್ಟೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಪೆಲೆಟ್ ಗ್ರಿಲ್ ನಿಜಕ್ಕೂ ಕಟ್ಟಿಗೆಯಿಂದ, ಅಂದರೆ ಮರದ ಹೊಟ್ಟನ್ನು ಒತ್ತಿ ಮಾಡಿದ ಪೆಲೆಟ್ ಎಂಬ ಗುಳಿಗೆಗಳಿಂದ, ಉರಿಯುವ ಓವನ್. ನಿಮಗೆ ಬೇಕಿರುವುದು ಅದೇ ಆಗಿದ್ದರೆ ಅದರಷ್ಟು ಸುಖ ಕೊಡುವ ಸಾಧನ ಇನ್ನೊಂದಿಲ್ಲ. ಬೇಕಿರುವುದು ಬೆಂಕಿಯೇ ಆಗಿದ್ದರೆ, ಕೊಂಡ ಮೂರನೇ ತಿಂಗಳಿಗೆ ಅದಕ್ಕೆ ಹೊದಿಕೆ ಹಾಕಿ ಮೂಲೆಗೆ ಸರಿಸುತ್ತೀರಿ.

ಹಾಗಾಗಿ ಯಾವ ಕಂಪನಿ, ಯಾವ ಮಾದರಿ ಎಂಬ ಮಾತು ಆಮೇಲೆ. ಯಾವುದರಿಂದ ಅಳೆಯಬೇಕು ಎಂಬುದು ಮೊದಲು.

ಅಳೆಯುವುದು ಯಾವುದರಿಂದ?

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ, ನೀವು ಹೆಚ್ಚಾಗಿ ಬೇಯಿಸುವುದು ಏನನ್ನು? ಬಾರ್ಬೆಕ್ಯೂ ಎಂಬ ಒಂದೇ ಹೆಸರಿನಡಿ ಎರಡು ಬೇರೆಬೇರೆ ಅಡುಗೆಗಳಿವೆ. ಮೊದಲನೆಯದು ಸಣ್ಣ ಕಾವಿನಲ್ಲಿ ಗಂಟೆಗಟ್ಟಲೆ ಬೇಯುವಂಥದ್ದು. ದನದ ಎದೆಭಾಗದ ಬ್ರಿಸ್ಕೆಟ್, ಹಂದಿಯ ಭುಜ, ಪಕ್ಕೆಲುಬು ಮೊದಲಾದ ಗಟ್ಟಿ ತುಂಡುಗಳಲ್ಲಿ ಕೊಲಾಜೆನ್ ತುಂಬಿರುತ್ತದೆ. ಅದು ಕರಗಿ ಜೆಲಾಟಿನ್ ಆಗಬೇಕಾದರೆ ಮಾಂಸದ ಒಳಗಿನ ಉಷ್ಣತೆ 70 ಡಿಗ್ರಿ ದಾಟಿ, ಮೆಲ್ಲಗೆ 95 ಡಿಗ್ರಿ ಸೆಲ್ಸಿಯಸ್‌ವರೆಗೆ ಏರಬೇಕು. ಅವಸರ ಮಾಡಿದರೆ ಚಪ್ಪಲಿ ಜಗಿದಂತಾಗುತ್ತದೆ. ಎರಡನೆಯದು ಜೋರು ಕಾವಿನಲ್ಲಿ ಹತ್ತು ನಿಮಿಷಕ್ಕೆ ಮುಗಿಯುವಂಥದ್ದು: ಸ್ಟೇಕ್, ಬರ್ಗರ್, ತೆಳು ಮೀನು, ಕಡ್ಡಿಗೆ ಚುಚ್ಚಿದ ತುಂಡುಗಳು, ತರಕಾರಿ. ಇಲ್ಲಿ ಒಳಗೆ ರಸ ಉಳಿದಿರುವಾಗಲೇ ಮೇಲ್ಮೈ ಕಂದುಗಟ್ಟಬೇಕು. ಜಾಲರಿಯ ಕೆಳಗೆ ನೇರ ಉರಿ ಇಲ್ಲದೆ ಅದು ಕಷ್ಟ.

ಒಂದು ಕೆಲಸ ಮಾಡಿ. ಕಳೆದ ಕೆಲವು ತಿಂಗಳಲ್ಲಿ ನೀವು ಹೊರಗೆ ಬೇಯಿಸಿದ್ದನ್ನೆಲ್ಲ ಒಂದು ಚೀಟಿಯಲ್ಲಿ ಬರೆಯಿರಿ. ಬೇಯಿಸಬೇಕು ಎಂದುಕೊಂಡದ್ದನ್ನಲ್ಲ, ಬೇಯಿಸಿದ್ದನ್ನು. ಬಹುಪಾಲು ಮಂದಿಯ ಚೀಟಿಯಲ್ಲಿ ಎರಡನೇ ಬಗೆಯೇ ತುಂಬಿರುತ್ತದೆ, ಕನಸು ಮಾತ್ರ ಮೊದಲನೇ ಬಗೆಯದು. ಆ ಕನಸನ್ನು ನಾನು ಹಳಿಯುವುದಿಲ್ಲ. ಕೈಯಲ್ಲಿರುವ ಗ್ರಿಲ್ ಅದಕ್ಕೆ ಒದಗದೆ ಇರುವುದರಿಂದಲೇ ಕನಸು ಕನಸಾಗಿ ಉಳಿದಿರಬಹುದು. ಆದರೂ ಚೀಟಿಯನ್ನು ಒಮ್ಮೆ ಪ್ರಾಮಾಣಿಕವಾಗಿ ನೋಡುವುದು ಒಳ್ಳೆಯದು.

ಎರಡನೆಯ ಅಳತೆ, ಬೆಂಕಿ ಕಾಯಲು ನಿಮಗೆ ಪುರುಸೊತ್ತು ಮತ್ತು ಮನಸ್ಸು ಇದೆಯೇ ಎಂಬುದು. ಕೆಲವರಿಗೆ ಕೆಂಡ ಕೆದಕುತ್ತ, ಗಾಳಿಕಂಡಿಯನ್ನು ಕೂದಲೆಳೆಯಷ್ಟು ತೆರೆದು ಮುಚ್ಚುತ್ತ ಕೂರುವುದೇ ಹಬ್ಬ. ಇನ್ನು ಕೆಲವರಿಗೆ ಮಕ್ಕಳು, ಅತಿಥಿಗಳು, ಫೋನು ಎಲ್ಲದರ ನಡುವೆ ಅದೊಂದು ತಲೆನೋವು. ಮೂರನೆಯದು ಹೊಗೆಯ ರುಚಿ, ಎಷ್ಟು ಬೇಕು ಮತ್ತು ಮನೆಯವರಿಗೆ ಎಷ್ಟು ಹಿಡಿಸುತ್ತದೆ ಎಂಬುದು. ನಾಲ್ಕನೆಯದು ಇಂಧನ ಮತ್ತು ವಿದ್ಯುತ್ತು. ಐದನೆಯದು ದುಡ್ಡು. ದುಡ್ಡೆಂದರೆ ಕೊಳ್ಳುವ ಬೆಲೆ ಮಾತ್ರವಲ್ಲ, ಉರಿಸುವ ಖರ್ಚು, ತೊಳೆದು ಬಳಿಯುವ ಶ್ರಮ, ಕೆಟ್ಟಾಗಿನ ರಿಪೇರಿ ಎಲ್ಲವೂ ಸೇರಿ.

ಪೆಟ್ಟಿಗೆಯೊಳಗೆ ನಡೆಯುವುದೇನು

ಯಂತ್ರ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿದರೆ ಅದರ ಗುಣ ದೋಷ ಎರಡೂ ತಾವಾಗಿಯೇ ಅರ್ಥವಾಗುತ್ತವೆ. ಅಮೆರಿಕದ ಆರೆಗಾನ್ ರಾಜ್ಯದ ಮೌಂಟ್ ಏಂಜೆಲ್ ಎಂಬ ಊರಿನ ಜೋ ಟ್ರೇಗರ್ ಇದನ್ನು ರೂಪಿಸಿ 1986ರಲ್ಲಿ ಪೇಟೆಂಟ್ ಪಡೆದರು. ಆ ಕುಟುಂಬದ ಕಸುಬು ಮನೆ ಬೆಚ್ಚಗಿಡುವ ಒಲೆಗಳದ್ದು. ಪೆಲೆಟ್ ಉರಿಸುವ ಅದೇ ತಂತ್ರವನ್ನು ಅವರು ಅಡುಗೆಗೆ ತಿರುಗಿಸಿದರು. 2006ರಲ್ಲಿ ಪೇಟೆಂಟಿನ ಅವಧಿ ಮುಗಿದ ಮೇಲೆ ಬೇರೆ ಕಂಪನಿಗಳು ನುಗ್ಗಿ ಬಂದವು. ಇಂದು ಅಂಗಡಿಯಲ್ಲಿ ಆಯ್ಕೆ ಮಾಡಲಾಗದಷ್ಟು ಮಾದರಿಗಳು ಇರುವುದು ಅದರಿಂದಲೇ.

ಪಕ್ಕದಲ್ಲಿ ಹಾಪರ್ ಎಂಬ ಡಬ್ಬಿ. ಅದರಲ್ಲಿ ಮರದ ಹೊಟ್ಟನ್ನು ಒತ್ತಿ ಮಾಡಿದ, ಸುಮಾರು 6 ಮಿಲಿಮೀಟರ್ ದಪ್ಪದ ಪೆಲೆಟ್‌ಗಳು. ಅವುಗಳಲ್ಲಿ ಅಂಟು ಇರುವುದಿಲ್ಲ. ಒತ್ತಡಕ್ಕೆ ಹೊಟ್ಟು ಬಿಸಿಯಾದಾಗ ಮರದಲ್ಲೇ ಇರುವ ಲಿಗ್ನಿನ್ ಮೆದುವಾಗಿ ಪುಡಿಯನ್ನು ಹಿಡಿದಿಡುತ್ತದೆ. ಹಾಪರಿನ ತಳದಲ್ಲಿ ಆಗರ್ ಎಂಬ ತಿರುಪು ನಿಧಾನವಾಗಿ ತಿರುಗುತ್ತ ಪೆಲೆಟ್‌ಗಳನ್ನು ನಡುವೆ ಇರುವ ಪುಟ್ಟ ಕಬ್ಬಿಣದ ಬಟ್ಟಲಿಗೆ ತಳ್ಳುತ್ತದೆ. ಬಟ್ಟಲಿನಲ್ಲಿರುವ ಕಡ್ಡಿ ಕೆಂಪಗೆ ಕಾದು ಬೆಂಕಿ ಹಚ್ಚುತ್ತದೆ, ಫ್ಯಾನ್ ಗಾಳಿ ಊದುತ್ತದೆ. ಉರಿಯ ಮೇಲೆ ಒಂದು ತಗಡು, ಅದರ ಮೇಲೆ ಕೊಬ್ಬು ಜಾರಿ ಹೋಗಲು ಓರೆಯಾದ ಇನ್ನೊಂದು ತಟ್ಟೆ, ಅದರ ಮೇಲೆ ಜಾಲರಿ. ಒಳಗಿನ ಸಂವೇದಕ ಶಾಖ ಅಳೆದು ಹೇಳಿದಂತೆ ಕಂಟ್ರೋಲರ್ ಆಗರ್ ಮತ್ತು ಫ್ಯಾನನ್ನು ನಡೆಸುತ್ತದೆ. ನೀವು ಗುಂಡಿ ತಿರುಗಿಸಿ 110 ಅಂತ ಇಟ್ಟರೆ ಆಯಿತು.

ಹಚ್ಚಿದ ಮೊದಲ ಐದು ನಿಮಿಷ ಹತ್ತಿರ ನಿಂತು ನೋಡಿದರೆ ಇಡೀ ಕಥೆ ಗೊತ್ತಾಗುತ್ತದೆ. ಆಗರ್ ಕಿರ್‌ ಎಂದು ತಿರುಗಿ ನಿಲ್ಲುತ್ತದೆ, ಮತ್ತೆ ತಿರುಗುತ್ತದೆ. ಮೊದಲು ಹೊಗೆಕೊಳವೆಯಿಂದ ದಟ್ಟ ಬಿಳಿ ಹೊಗೆ ಮಗುಚಿಕೊಂಡು ಬರುತ್ತದೆ. ನಂತರ ಒಳಗೆ ಭುಸ್ ಎಂಬ ಸದ್ದು, ಬಿಳಿ ಹೊಗೆ ತೆಳುವಾಗುತ್ತ ಹೋಗಿ ನೀಲಿ ಛಾಯೆಗೆ ತಿರುಗುತ್ತದೆ, ಆಮೇಲೆ ಕಣ್ಣಿಗೆ ಕಾಣದಷ್ಟಾಗುತ್ತದೆ. ಬೆಂಕಿ ಅಂಗೈಯಗಲದ ಬಟ್ಟಲಲ್ಲಿದೆ, ಗಾಳಿ ಧಾರಾಳವಾಗಿದೆ, ಹಾಗಾಗಿ ಕಟ್ಟಿಗೆ ಪೂರ್ತಿ ಉರಿದುಹೋಗುತ್ತದೆ. ಪೆಲೆಟ್ ಗ್ರಿಲ್ಲಿನ ಹೊಗೆ ಸೌಮ್ಯ ಅನ್ನುವುದಕ್ಕೆ ಕಾರಣ ಇದೇ. ಜೋರು ಉರಿ ಬರದಿರುವುದಕ್ಕೆ ಕಾರಣ ನಡುವಿನ ತಗಡು. ಎರಡೂ ತಯಾರಕರ ಸೋಮಾರಿತನವಲ್ಲ, ಆ ರಚನೆಯೊಳಗೇ ಹುಟ್ಟಿದವು.

ಯಾವುದರಲ್ಲಿ ಗೆಲ್ಲುತ್ತದೆ, ಯಾವುದರಲ್ಲಿ ಸೋಲುತ್ತದೆ

ನಿಧಾನದ ಅಡುಗೆಯಲ್ಲಿ ಪೆಲೆಟ್ ಗ್ರಿಲ್ಲಿಗೆ ಸಾಟಿ ಸಿಗುವುದು ಕಷ್ಟ. ಐದಾರು ಕಿಲೋ ತೂಕದ ಬ್ರಿಸ್ಕೆಟ್ 110 ಡಿಗ್ರಿಯಲ್ಲಿ ಬೇಯಲು ಹತ್ತರಿಂದ ಹದಿನಾಲ್ಕು ಗಂಟೆ ಬೇಕು. ನಡುವೆ ಮಾಂಸದ ಒಳಗಿನ ಉಷ್ಣತೆ 65ರಿಂದ 75 ಡಿಗ್ರಿಯ ನಡುವೆ ಎಲ್ಲೋ ಒಂದು ಕಡೆ ಗಂಟೆಗಟ್ಟಲೆ ನಿಂತುಬಿಡುತ್ತದೆ. ಮೇಲ್ಮೈಯಿಂದ ನೀರು ಆವಿಯಾಗುತ್ತ ಮಾಂಸವನ್ನು ತಂಪು ಮಾಡುತ್ತಿರುವುದು ಅದಕ್ಕೆ ಕಾರಣ. ಹೊಸಬರು ಗಾಬರಿಯಾಗಿ ಉರಿ ಏರಿಸುವುದು ಇಲ್ಲೇ. ಪೆಲೆಟ್ ಗ್ರಿಲ್ ಗಾಬರಿಯಾಗುವುದಿಲ್ಲ, ಹೇಳಿದ ಶಾಖ ಬಿಟ್ಟು ಕದಲುವುದಿಲ್ಲ. ನೀವು ಆ ಹೊತ್ತಿನಲ್ಲಿ ನಿದ್ದೆ ಮಾಡುತ್ತಿರಬಹುದು. ಕೋಳಿ ಇಡಿಯಾಗಿ ಬೇಯಿಸಲು, ಬ್ರೆಡ್ಡು, ಪೈ, ತಟ್ಟೆಗಟ್ಟಲೆ ತರಕಾರಿ ಮಾಡಲು ಕೂಡ ಅದು ಹೇಳಿ ಮಾಡಿಸಿದ್ದು. ಓವನ್ ಎಂದು ಹೀಗಳೆಯುವವರು ಈ ಭಾಗ ಮರೆಯುತ್ತಾರೆ. ಒಳ್ಳೆಯ ಓವನ್ನಿಗೆ ಹೊಗೆಯ ಪರಿಮಳವೂ ಸೇರಿದರೆ ಅದೇನು ಕಡಿಮೆಯೇ?

ಸೋಲುವುದು ಸ್ಟೇಕಿನ ಮುಂದೆ. ಬಹಳಷ್ಟು ಮಾದರಿಗಳ ಗರಿಷ್ಠ ಶಾಖ 230ರಿಂದ 260 ಡಿಗ್ರಿ. ಸಂಖ್ಯೆ ಕಡಿಮೆಯೇನಲ್ಲ, ಆದರೆ ಅದು ಗಾಳಿಯ ಶಾಖ. ಕೆಂಡದ ನೇರ ಧಗೆ ಮಾಂಸಕ್ಕೆ ಕೊಡುವ ಕಾವೇ ಬೇರೆ. ಪೆಲೆಟ್ ಗ್ರಿಲ್ಲಿನಲ್ಲಿ ತೆಳು ಸ್ಟೇಕ್ ಇಟ್ಟರೆ ಹೊರಗೆ ಕಂದುಗಟ್ಟುವಷ್ಟರಲ್ಲಿ ಒಳಗೆ ಬೂದುಬಣ್ಣಕ್ಕೆ ತಿರುಗಿರುತ್ತದೆ. ಇದಕ್ಕೆ ಎರಡು ದಾರಿಗಳಿವೆ. ಕೆಲವು ಮಾದರಿಗಳಲ್ಲಿ ನಡುವಿನ ತಗಡನ್ನು ಸರಿಸಿ ಬಟ್ಟಲಿನ ಉರಿಯನ್ನು ನೇರ ತೆರೆಯಬಹುದು. ಅಲ್ಲಿ ಜಾಗ ಒಂದೆರಡು ತುಂಡಿಗೆ ಸಾಕಾಗುವಷ್ಟೇ. ಇನ್ನೊಂದು ದಾರಿ ನನಗೆ ಮೆಚ್ಚು: ದಪ್ಪ ಸ್ಟೇಕನ್ನು 110 ಡಿಗ್ರಿಯಲ್ಲಿಟ್ಟು ಒಳಗೆ 50 ಡಿಗ್ರಿ ತಲುಪುವವರೆಗೆ ಬೇಯಿಸಿ, ಕೊನೆಗೆ ಹೊಗೆಯಾಡುವಷ್ಟು ಕಾದ ಎರಕದ ಕಬ್ಬಿಣದ ಬಾಣಲೆಯಲ್ಲಿ ಪಕ್ಕಕ್ಕೊಂದು ನಿಮಿಷ ಒತ್ತುವುದು. ಫಲಿತಾಂಶ ಚೆನ್ನಾಗಿಯೇ ಬರುತ್ತದೆ. ಆದರೆ ಒಂದು ಬರ್ಗರಿಗೆ ಇಷ್ಟೆಲ್ಲ ಯಾರು ಮಾಡುತ್ತಾರೆ?

ಹೊಗೆಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಶಾಖ ಕಡಿಮೆ ಇದ್ದಷ್ಟೂ ಪೆಲೆಟ್ ಬೆಂಕಿ ಹೆಚ್ಚು ಹೊಗೆಯಾಡುತ್ತದೆ. 80ರಿಂದ 110 ಡಿಗ್ರಿಯಲ್ಲಿ ರುಚಿ ತಟ್ಟುತ್ತದೆ, 200 ದಾಟಿದ ಮೇಲೆ ಹೊಗೆ ಇಲ್ಲವೆಂದೇ ಹೇಳಬಹುದು. ತಣ್ಣಗಿನ, ಒದ್ದೆ ಮೇಲ್ಮೈಗೆ ಹೊಗೆ ಚೆನ್ನಾಗಿ ಅಂಟುತ್ತದೆ. ಆದ್ದರಿಂದ ಮಾಂಸವನ್ನು ಫ್ರಿಜ್ಜಿನಿಂದ ನೇರ ತಂದಿಟ್ಟು ಮೊದಲ ಎರಡು ಗಂಟೆ ಸಣ್ಣ ಶಾಖದಲ್ಲಿಟ್ಟರೆ ವ್ಯತ್ಯಾಸ ಕಾಣುತ್ತದೆ. ಇನ್ನೂ ಬೇಕೆನ್ನುವವರು ತೂತು ಕೊರೆದ ಉಕ್ಕಿನ ಕೊಳವೆಯಲ್ಲಿ ಪೆಲೆಟ್ ತುಂಬಿ ಒಂದು ತುದಿ ಹೊತ್ತಿಸಿ ಜಾಲರಿಯ ಮೇಲಿಡುತ್ತಾರೆ. ಅಗ್ಗದ ಉಪಾಯ, ಕೆಲಸವೂ ಮಾಡುತ್ತದೆ. ಮಾಂಸ ಕತ್ತರಿಸಿದಾಗ ಅಂಚಿನಲ್ಲಿ ಕಾಣುವ ಗುಲಾಬಿ ವರ್ತುಲ ನೋಡಿ ಹೊಗೆಯ ರುಚಿ ಅಳೆಯಲು ಹೋಗಬೇಡಿ. ಬೆಂಕಿಯಿಂದ ಬರುವ ನೈಟ್ರಿಕ್ ಆಕ್ಸೈಡ್, ಕಾರ್ಬನ್ ಮಾನಾಕ್ಸೈಡ್ ಅನಿಲಗಳು ಮಾಂಸದ ಮಯೋಗ್ಲೋಬಿನ್ ಜತೆ ಸೇರಿ ಮಾಡುವ ಬಣ್ಣ ಅದು. ಅದಕ್ಕೂ ರುಚಿಗೂ ಸಂಬಂಧವಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಹೊಗೆ ಕಡಿಮೆ ಎಂಬ ದೂರನ್ನು ಅಗತ್ಯಕ್ಕಿಂತ ದೊಡ್ಡದು ಮಾಡಲಾಗಿದೆ. ಮನೆ ಮಂದಿಯಲ್ಲಿ ಅರ್ಧದಷ್ಟು ಜನಕ್ಕೆ ಸೌಮ್ಯ ಹೊಗೆಯೇ ಇಷ್ಟ. ಜೋರು ಹೊಗೆಯ ಬ್ರಿಸ್ಕೆಟ್ ತಿಂದು ಬೆಳೆದ ನಾಲಿಗೆ ನಿಮ್ಮದಾಗಿದ್ದರೆ ಮಾತ್ರ ಅದನ್ನು ಗಂಭೀರವಾಗಿ ತೆಗೆದುಕೊಳ್ಳಿ.

ಉಳಿದವರೊಂದಿಗೆ ಹೋಲಿಸಿದರೆ

*ಇದ್ದಿಲಿನ ಕೆಟಲ್.* ಶಿಕಾಗೋ ಬಳಿಯ ಲೋಹದ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತಿದ್ದ ಜಾರ್ಜ್ ಸ್ಟೀಫನ್ 1952ರಲ್ಲಿ ಮಾಡಿದ ದುಂಡು ಗ್ರಿಲ್ಲಿನ ರೂಪ ಇಂದಿಗೂ ಹೆಚ್ಚು ಬದಲಾಗಿಲ್ಲ. ಬದಲಾಯಿಸಲು ಹೆಚ್ಚೇನೂ ಇಲ್ಲ ಎಂಬುದೇ ಅದರ ಹೆಚ್ಚುಗಾರಿಕೆ. ಚಿಮಣಿ ಎಂಬ ಲೋಹದ ಕೊಳವೆಯಲ್ಲಿ ಇದ್ದಿಲು ಹೊತ್ತಿಸಲು ಹದಿನೈದು ಇಪ್ಪತ್ತು ನಿಮಿಷ. ಕೆಂಡವನ್ನು ಒಂದು ಬದಿಗೆ ಸರಿಸಿದರೆ ಆ ಬದಿ ಜೋರು ಉರಿ, ಈ ಬದಿ ಸಣ್ಣ ಕಾವು. ಸ್ಟೇಕಿಗೆ ಇದರಷ್ಟು ಒಳ್ಳೆಯದಿಲ್ಲ. ದೀರ್ಘ ಅಡುಗೆಗೂ ದಾರಿಯಿದೆ: ಬ್ರಿಕೆಟ್‌ಗಳನ್ನು, ಅಂದರೆ ಇದ್ದಿಲ ಪುಡಿಯನ್ನು ಒತ್ತಿ ಮಾಡಿದ ತುಂಡುಗಳನ್ನು, ಅಂಚಿನುದ್ದಕ್ಕೂ ಎರಡು ಸಾಲು ಕೂಡಿಸಿ, ಒಂದು ತುದಿಯಲ್ಲಿ ಐದಾರು ಕೆಂಡ ಇಟ್ಟರೆ ಬೆಂಕಿ ತೆವಳುತ್ತ ಆರೇಳು ಗಂಟೆ 110 ಡಿಗ್ರಿಯ ಸುತ್ತಮುತ್ತ ನಡೆಯುತ್ತದೆ. ಮೇಲೆ ಮರದ ತುಂಡುಗಳನ್ನಿಟ್ಟರೆ ಹೊಗೆ ಪೆಲೆಟ್ಟಿಗಿಂತ ಒಂದು ಕೈ ಮೇಲು. ಬೆಲೆ ಪೆಲೆಟ್ ಗ್ರಿಲ್ಲಿನ ಸಣ್ಣ ಪಾಲು. ವಿದ್ಯುತ್ತು ಬೇಡ, ಕೆಡುವ ಭಾಗಗಳಿಲ್ಲ. ಬೇಕಿರುವುದು ನಿಮ್ಮ ಗಮನ. ಗಾಳಿ ಬೀಸಿದರೆ, ಇದ್ದಿಲು ತೇವವಾಗಿದ್ದರೆ, ಮುಚ್ಚಳ ಪದೇಪದೇ ತೆರೆದರೆ ಲೆಕ್ಕ ತಪ್ಪುತ್ತದೆ. ಕೈ ಪಳಗಲು ಕಾಲ ಬೇಕು. ಬಜೆಟ್ ಬಿಗಿ ಇರುವವರಿಗೆ, ಅಥವಾ ಬಾರ್ಬೆಕ್ಯೂ ತಮಗೆ ಒಗ್ಗುತ್ತದೆಯೇ ಎಂದೇ ಇನ್ನೂ ಗೊತ್ತಿಲ್ಲದವರಿಗೆ ನಾನು ಬೇರೇನನ್ನೂ ಹೇಳುವುದಿಲ್ಲ, ಮೊದಲು ಇದನ್ನೇ ಕೊಳ್ಳಿ.

*ಕಮಾಡೊ.* ದಪ್ಪ ಪಿಂಗಾಣಿಯ, ಮೊಟ್ಟೆಯಾಕಾರದ ಒಲೆ. ಮೂಲ ಜಪಾನಿನದು. ಒಮ್ಮೆ ಇದ್ದಿಲು ತುಂಬಿ ಗಾಳಿ ಹದ ಮಾಡಿದರೆ 110 ಡಿಗ್ರಿಯಲ್ಲಿ ಹನ್ನೆರಡು ಗಂಟೆಗೂ ಹೆಚ್ಚು ನಿಲ್ಲುತ್ತದೆ. ಗಾಳಿ ತೆರೆದರೆ 350 ಡಿಗ್ರಿ ದಾಟಿ ಪಿಜ್ಜಾವನ್ನೂ ಬೇಯಿಸುತ್ತದೆ. ಎರಡೂ ಬಗೆಯ ಅಡುಗೆಯನ್ನು ಒಂದೇ ಸಾಧನದಲ್ಲಿ ಮಾಡಬೇಕು, ಆದರೆ ಯಂತ್ರ ಬೇಡ ಎನ್ನುವವರಿಗೆ ಇದು ಪೆಲೆಟ್ ಗ್ರಿಲ್ಲಿನ ನಿಜವಾದ ಎದುರಾಳಿ. ಬೆಲೆಯೂ ಒಳ್ಳೆಯ ಪೆಲೆಟ್ ಗ್ರಿಲ್ಲಿನ ಸಾಲಿನಲ್ಲೇ ಇರುತ್ತದೆ. ತೊಂದರೆಗಳೂ ಇವೆ. ಶಾಖ ಒಮ್ಮೆ ಗುರಿ ದಾಟಿದರೆ ಇಳಿಯಲು ಗಂಟೆಗಳು ಬೇಕು, ಪಿಂಗಾಣಿ ಬಿಸಿಯನ್ನು ಬಿಡುವುದಿಲ್ಲ. ತೂಕ ಒಬ್ಬರಿಂದ ಎತ್ತಲಾಗದಷ್ಟು, ಬಿದ್ದರೆ ಬಿರುಕು. ಗಾಳಿಕಂಡಿ ಮುಚ್ಚಿಟ್ಟ ಬಿಸಿ ಕಮಾಡೊದ ಮುಚ್ಚಳವನ್ನು ಒಮ್ಮೆಲೇ ತೆರೆದರೆ ಒಳಗೆ ನುಗ್ಗಿದ ಗಾಳಿಗೆ ಜ್ವಾಲೆ ಮೇಲೇಳುತ್ತದೆ. ಮೊದಲು ಎರಡು ಬೆರಳಷ್ಟು ಎತ್ತಿ ನಿಲ್ಲಿಸಿ, ಆಮೇಲೆ ಪೂರ್ತಿ ತೆರೆಯಬೇಕು.

*ಗ್ಯಾಸ್.* ವಾರದ ದಿನ ಸಂಜೆ ಕೆಲಸ ಮುಗಿಸಿ ಬಂದು ಅರ್ಧ ಗಂಟೆಯಲ್ಲಿ ಊಟ ಆಗಬೇಕು ಎನ್ನುವವರಿಗೆ ಗ್ಯಾಸ್. ಹತ್ತು ಹದಿನೈದು ನಿಮಿಷಕ್ಕೆ ಕಾಯುತ್ತದೆ, ಉರಿ ಕೈಯಲ್ಲಿರುತ್ತದೆ, ಬೂದಿ ಇಲ್ಲ. ಹೊಗೆಯ ರುಚಿ ಮಾತ್ರ ಕೇಳಬೇಡಿ. ಹೊಗೆಗೆಂದು ಮರದ ಚೂರು ತುಂಬಿದ ಡಬ್ಬಿ ಇಟ್ಟರೂ ಅದು ಹೆಸರಿಗಷ್ಟೇ.

*ಆಫ್‌ಸೆಟ್ ಸ್ಮೋಕರ್.* ಪಕ್ಕದ ಗೂಡಿನಲ್ಲಿ ನಿಜವಾದ ಕಟ್ಟಿಗೆ, ದೊಡ್ಡ ಕೋಣೆಯಲ್ಲಿ ಮಾಂಸ. ಹೊಗೆಯ ರುಚಿಯಲ್ಲಿ ಇದನ್ನು ಮೀರಿಸಿದ್ದಿಲ್ಲ. ಅರ್ಧ ಗಂಟೆ ಮುಕ್ಕಾಲು ಗಂಟೆಗೊಮ್ಮೆ ಕಟ್ಟಿಗೆ ಇಡುತ್ತ ದಿನವಿಡೀ ಕಣ್ಣಲ್ಲಿ ಕಣ್ಣಿಟ್ಟು ಕಾಯಬೇಕು. ಉರಿ ಸೊರಗಿ ಬಿಳಿ ಹೊಗೆ ಬಂದರೆ ಮಾಂಸ ಕಹಿಯಾಗುತ್ತದೆ. ತೆಳು ತಗಡಿನ ಅಗ್ಗದ ಆಫ್‌ಸೆಟ್ ಕೊಳ್ಳುವುದಕ್ಕಿಂತ ಕೊಳ್ಳದಿರುವುದು ಲೇಸು, ಶಾಖ ನಿಲ್ಲುವುದೇ ಇಲ್ಲ.

*ಎಲೆಕ್ಟ್ರಿಕ್ ಸ್ಮೋಕರ್.* ಪೆಲೆಟ್ಟಿಗಿಂತ ಅಗ್ಗ, ಕೆಲಸವೂ ಸುಲಭ. ಹೆಚ್ಚಿನವು 135 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುವುದರಿಂದ ಕೋಳಿಯ ಚರ್ಮ ಗರಿಗರಿಯಾಗದೆ ರಬ್ಬರಾಗಿ ಉಳಿಯುತ್ತದೆ. ಬಾಲ್ಕನಿಯಂಥ ಕಡೆ ಕಟ್ಟಿಗೆ ಅಥವಾ ಇದ್ದಿಲಿನ ಬೆಂಕಿಗೆ ಅನುಮತಿ ಇಲ್ಲದವರಿಗೆ ಇದೊಂದೇ ದಾರಿ ಆಗಿರಬಹುದು. ಆದರೂ ಕಟ್ಟಡದ ನಿಯಮ ಓದಿಯೇ ತರಬೇಕು.

ಇಂಧನ, ವಿದ್ಯುತ್ತು, ತೇವ

ಸಣ್ಣ ಶಾಖದಲ್ಲಿ ಪೆಲೆಟ್ ಗ್ರಿಲ್ ಗಂಟೆಗೆ ಸುಮಾರು ಅರ್ಧ ಕಿಲೋ ಪೆಲೆಟ್ ತಿನ್ನುತ್ತದೆ, ಗರಿಷ್ಠ ಶಾಖದಲ್ಲಿ ಒಂದು ಕಿಲೋ ಅಥವಾ ಅದಕ್ಕೂ ಹೆಚ್ಚು. ಅಂದರೆ ಹನ್ನೆರಡು ಗಂಟೆಯ ಅಡುಗೆಗೆ ಆರು ಕಿಲೋ. ಒಂಬತ್ತು ಕಿಲೋ ಚೀಲ ತುಂಬಿದ ಹಾಪರ್ ಒಂದು ರಾತ್ರಿಗೆ ಧಾರಾಳ. ಚಳಿ ಮತ್ತು ಗಾಳಿ ಇದ್ದರೆ ಲೆಕ್ಕ ಏರುತ್ತದೆ, ಅದರಲ್ಲೂ ಒಂದೇ ಪದರದ ತಗಡಿನ ಮಾದರಿಗಳಲ್ಲಿ. ನಿಮ್ಮಲ್ಲಿ ಅಡುಗೆಯ ಪೆಲೆಟ್ ವರ್ಷವಿಡೀ ಸುಲಭವಾಗಿ ಸಿಗುತ್ತದೆಯೇ ಎಂದು ಗ್ರಿಲ್ ಕೊಳ್ಳುವ ಮೊದಲೇ ವಿಚಾರಿಸಿ. ಇದ್ದಿಲಿನ ಗ್ರಿಲ್ಲಿಗೆ ಇದ್ದಿಲು ಸಿಗದಿದ್ದರೆ ಒಣ ಕಟ್ಟಿಗೆಯಿಂದಲಾದರೂ ಕೆಂಡ ಮಾಡಿಕೊಳ್ಳಬಹುದು. ಪೆಲೆಟ್ ಗ್ರಿಲ್ಲಿಗೆ ಬದಲಿ ಇಲ್ಲ. ಮನೆ ಬೆಚ್ಚಗಿಡುವ ಒಲೆಯ ಪೆಲೆಟ್ ಅಗ್ಗ ಎಂದು ಅದನ್ನು ಹಾಕಲೇಬಾರದು. ಅದರಲ್ಲಿ ಪೈನಿನಂಥ ರಾಳದ ಮರ, ತೊಗಟೆ, ಬೇರೆ ವಸ್ತುಗಳು ಸೇರಿರಬಹುದು, ಆ ಹೊಗೆ ನೇರ ನಿಮ್ಮ ತಟ್ಟೆಗೆ ಬರುತ್ತದೆ.

ಚೀಲದ ಮೇಲಿನ ಹೆಸರನ್ನೂ ತೀರ ನಂಬಬೇಡಿ. ಹಿಕರಿ ಮರದ್ದು ಎಂದು ಬರೆದ ಚೀಲದಲ್ಲಿ ಬಹುಪಾಲು ಓಕ್ ಅಥವಾ ಆಲ್ಡರ್ ಮರ ಇದ್ದು, ಹಿಕರಿ ಸ್ವಲ್ಪವೇ ಇರುವುದು ಸಾಮಾನ್ಯ. ನೂರಕ್ಕೆ ನೂರು ಒಂದೇ ಮರ ಎಂದು ಸ್ಪಷ್ಟವಾಗಿ ಬರೆದಿದ್ದರೆ ಮಾತ್ರ ಹಾಗೆ ತಿಳಿಯಿರಿ. ಒಂದು ಪೆಲೆಟ್ ಕೈಗೆ ತೆಗೆದುಕೊಂಡು ಮುರಿದು ನೋಡಿ. ಮೇಲೆ ತುಸು ಹೊಳಪಿದ್ದು ಚಟಕ್ಕನೆ ಮುರಿದರೆ ಒಳ್ಳೆಯದು. ಪುಡಿಪುಡಿಯಾಗಿ ಉದುರಿದರೆ, ಚೀಲದ ತಳದಲ್ಲಿ ಹೊಟ್ಟು ಕೂತಿದ್ದರೆ, ತೇವ ತಾಕಿದೆ ಎಂದರ್ಥ. ಪೆಲೆಟ್ಟಿಗೆ ನೀರೇ ಶತ್ರು. ಒದ್ದೆಯಾದರೆ ಅದು ಉಬ್ಬಿ ಮತ್ತೆ ಹೊಟ್ಟಾಗುತ್ತದೆ. ಆ ಹೊಟ್ಟು ಆಗರಿನಲ್ಲಿ ಗಟ್ಟಿಯಾಗಿ ಸಿಮೆಂಟಿನಂತೆ ಕೂತರೆ ಇಡೀ ತಿರುಪನ್ನು ಬಿಚ್ಚಿ ಕೆರೆಯಬೇಕು. ಮಳೆಗಾಲದಲ್ಲಿ ಹಾಪರಿನಲ್ಲಿ ಪೆಲೆಟ್ ಬಿಟ್ಟು ವಾರಗಟ್ಟಲೆ ಮರೆಯಬೇಡಿ, ಗಾಳಿಯಾಡದ ಮುಚ್ಚಳದ ಡಬ್ಬಿಗೆ ಸುರಿದಿಡಿ.

ವಿದ್ಯುತ್ತಿನ ಖರ್ಚು ಲೆಕ್ಕಕ್ಕಿಲ್ಲದಷ್ಟು ಕಡಿಮೆ. ಹೊತ್ತಿಸುವ ಕಡ್ಡಿ ಕಾಯುವ ಕೆಲವು ನಿಮಿಷ 200ರಿಂದ 300 ವ್ಯಾಟ್, ಆಮೇಲೆ ಫ್ಯಾನ್, ಆಗರ್ ಮತ್ತು ಕಂಟ್ರೋಲರ್ ಸೇರಿ 50 ವ್ಯಾಟ್ ಆಸುಪಾಸು. ಆದರೆ ಕರೆಂಟು ಹೋದರೆ ಅಡುಗೆ ನಿಲ್ಲುತ್ತದೆ. ಕರೆಂಟು ಪದೇಪದೇ ಕೈಕೊಡುವ ಕಡೆ ಇರುವವರು ಹೊತ್ತಿಸುವಾಗಿನ ಹೊರೆಯನ್ನೂ ತಾಳುವ ಇನ್ವರ್ಟರ್ ಇಲ್ಲದೆ ಇದಕ್ಕೆ ಕೈ ಹಾಕಬಾರದು. ನಡುರಾತ್ರಿ ಅರೆಬೆಂದು ಉಗುರುಬೆಚ್ಚಗೆ ನಿಂತ ಮಾಂಸ ತಿನ್ನಲು ಸುರಕ್ಷಿತವಲ್ಲ.

ಶ್ರಮ ಮತ್ತು ಅಪಾಯ

ಪೆಲೆಟ್ ಗ್ರಿಲ್ ನೋಡಿಕೊಳ್ಳುವುದು ಸುಲಭ ಎಂಬ ಜಾಹೀರಾತಿನ ಮಾತು ಅರ್ಧ ಸತ್ಯ. ಅಡುಗೆ ಮಾಡುವಾಗ ಸುಲಭ, ಆಮೇಲೆ ಅಲ್ಲ. ಬಟ್ಟಲಿನಲ್ಲಿ ಬೂದಿ ಕೂತರೆ ಗಾಳಿ ತೂತುಗಳು ಮುಚ್ಚಿ ಬೆಂಕಿ ಆರುತ್ತದೆ. ಎರಡು ಮೂರು ದೀರ್ಘ ಅಡುಗೆಗೊಮ್ಮೆ ಗ್ರಿಲ್ ಪೂರ್ತಿ ತಣ್ಣಗಾದ ಮೇಲೆ ಜಾಲರಿ, ತಟ್ಟೆ, ತಗಡು ಎಲ್ಲ ಎತ್ತಿ ವ್ಯಾಕ್ಯೂಮ್ ಕ್ಲೀನರ್ ಹಿಡಿಯಬೇಕು. ತಣ್ಣಗಾದ ಮೇಲೆ ಎಂಬುದನ್ನು ಒತ್ತಿ ಹೇಳುತ್ತೇನೆ, ಬೂದಿಯೊಳಗೆ ಅಡಗಿದ ಕೆಂಡ ಕ್ಲೀನರಿನ ಚೀಲಕ್ಕೇ ಬೆಂಕಿ ಹಚ್ಚಬಲ್ಲದು. ಓರೆ ತಟ್ಟೆಯ ಮೇಲಿನ ಜಿಡ್ಡು ಕೆರೆಯದೆ ಬಿಟ್ಟು, ಒಂದು ದಿನ ಜೋರು ಶಾಖಕ್ಕೆ ಏರಿಸಿದರೆ ಕೊಬ್ಬು ಹೊತ್ತಿಕೊಳ್ಳುತ್ತದೆ. ಹಾಗಾದರೆ ನೀರು ಹಾಕಬಾರದು. ಮುಚ್ಚಳ ಮುಚ್ಚಿದಂತೆಯೇ ಇರಲಿ, ಸ್ವಿಚ್ ಆರಿಸಿ ದೂರ ನಿಲ್ಲಿ.

ಇನ್ನೊಂದು ಸಂದರ್ಭ ಹೊಸಬರು ತಿಳಿದಿರಲೇಬೇಕು. ಬೆಂಕಿ ಹೊತ್ತದೆ ಅಥವಾ ನಡುವೆ ಆರಿ, ಆಗರ್ ಮಾತ್ರ ಪೆಲೆಟ್ ತಳ್ಳುತ್ತಲೇ ಇದ್ದರೆ ಬಟ್ಟಲು ತುಂಬಿ ಹೊರಚೆಲ್ಲುತ್ತದೆ. ಅದನ್ನು ಖಾಲಿ ಮಾಡದೆ ಮತ್ತೆ ಹಚ್ಚಿದರೆ ದಟ್ಟ ಹೊಗೆ ಒಳಗೆ ಸೇರಿ, ಏಕಾಏಕಿ ಹೊತ್ತಿಕೊಂಡು ಮುಚ್ಚಳ ಹಾರುವಷ್ಟು ಜೋರಾಗಬಹುದು. ಆರಿಸುವಾಗಲೂ ಪ್ಲಗ್ ಕೀಳಬೇಡಿ. ಆರಿಸುವ ಗುಂಡಿ ಒತ್ತಿದ ಮೇಲೆ ಫ್ಯಾನ್ ಇನ್ನೂ ಸ್ವಲ್ಪ ಹೊತ್ತು ತಿರುಗಿ ಬಟ್ಟಲಿನಲ್ಲಿ ಉಳಿದ ಪೆಲೆಟ್ ಸುಡುತ್ತದೆ. ಅದಕ್ಕೆ ಬಿಡದಿದ್ದರೆ ಬೆಂಕಿ ಆಗರಿನ ಗುಂಟ ಹಾಪರಿನತ್ತ ತೆವಳುವ ಅಪಾಯವಿದೆ. ಮನೆಯೊಳಗೆ, ಗ್ಯಾರೇಜಿನಲ್ಲಿ ಯಾವ ಕಾರಣಕ್ಕೂ ಹಚ್ಚಬಾರದು, ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ. ಗೋಡೆ, ಮರದ ಕಟಕಟೆಗಳಿಂದ ಮೂರು ಮೀಟರ್ ದೂರ ಇಟ್ಟರೆ ನೆಮ್ಮದಿ.

ಕೆಟ್ಟರೆ ಏನು? ಹೊತ್ತಿಸುವ ಕಡ್ಡಿ ಸವೆದುಹೋಗುವ ಭಾಗ, ಕೆಲವು ವರ್ಷಕ್ಕೊಮ್ಮೆ ಬದಲಿಸಲೇಬೇಕಾಗಬಹುದು. ಅದು ಅಗ್ಗ, ಸ್ಕ್ರೂಡ್ರೈವರ್ ಹಿಡಿಯಲು ಬಂದವರು ತಾವೇ ಹಾಕಬಹುದು. ಆಗರ್ ಮೋಟಾರು, ಫ್ಯಾನ್ ಕೂಡ ಹಾಗೆಯೇ. ಕಂಟ್ರೋಲರ್ ಹೋದರೆ ಜೇಬಿಗೆ ಕತ್ತರಿ.

ಹಾಗಾದರೆ ಯಾರಿಗೆ?

ವಾರಾಂತ್ಯದಲ್ಲಿ ಹತ್ತು ಮಂದಿಗೆ ಬಡಿಸುವ, ದೊಡ್ಡ ತುಂಡು ಬೇಯಿಸುವ, ಅದೇ ಹೊತ್ತಿನಲ್ಲಿ ಮನೆಯ ಬೇರೆ ಕೆಲಸವನ್ನೂ ನೋಡಬೇಕಾದ ಮನೆಗೆ ಪೆಲೆಟ್ ಗ್ರಿಲ್ ಚೆನ್ನಾಗಿ ಒಗ್ಗುತ್ತದೆ. ಬೇಕಿಂಗ್ ಇಷ್ಟಪಡುವವರಿಗೂ, ಬೇಸಿಗೆಯಲ್ಲಿ ಅಡುಗೆಮನೆ ಬಿಸಿಯಾಗುವುದು ಬೇಡ ಎನ್ನುವವರಿಗೂ ಅಷ್ಟೆ. ಬೆನ್ನು, ಮೊಣಕಾಲು ನೋವಿರುವ ಹಿರಿಯರಿಗೆ ಇದ್ದಿಲಿನ ಚೀಲ ಹೊರುವ, ಬಗ್ಗಿ ಕೆಂಡ ಸರಿಸುವ ಕಷ್ಟ ತಪ್ಪುತ್ತದೆ. ಈ ಲಾಭವನ್ನು ಯಾರೂ ಹೇಳುವುದಿಲ್ಲ, ನನಗಂತೂ ಇದು ದೊಡ್ಡದು.

ಇಬ್ಬರೇ ಇರುವ ಮನೆ, ಬರ್ಗರ್ ಸ್ಟೇಕುಗಳೇ ಹೆಚ್ಚು, ಜಾಗ ಕಡಿಮೆ ಎಂದಾದರೆ ಬೇಡ. ಬೆಂಕಿಯೊಡನೆ ಆಡುವುದೇ ಸಂತೋಷ ಎನ್ನುವವರಿಗೂ ಬೇಡ, ಗುಂಡಿ ತಿರುಗಿಸಿ ಸುಮ್ಮನೆ ಕೂರುವುದು ಅವರಿಗೆ ಬೇಸರ ತರಿಸುತ್ತದೆ.

ನಡುವಿನಲ್ಲಿ ಸಿಕ್ಕಿಕೊಂಡವರಿಗೆ ಎರಡನ್ನೂ ಮಾಡುತ್ತೇನೆನ್ನುವ ಜೋಡಿ ಗ್ರಿಲ್‌ಗಳು ಆಸೆ ಹುಟ್ಟಿಸುತ್ತವೆ: ಒಂದು ಬದಿ ಪೆಲೆಟ್, ಇನ್ನೊಂದು ಬದಿ ಗ್ಯಾಸ್. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತಂತೆ, ಹಾಗೆ ಎರಡೂ ಬದಿಯಲ್ಲಿ ಜಾಗ ಸಣ್ಣದಾಗಿ ಕೆಡುವ ಭಾಗಗಳು ಮಾತ್ರ ಇಮ್ಮಡಿಯಾಗುತ್ತವೆ. ಅದೇ ದುಡ್ಡಿಗೆ ಮಧ್ಯಮ ದರ್ಜೆಯ ಪೆಲೆಟ್ ಗ್ರಿಲ್ ಒಂದು, ಪಕ್ಕದಲ್ಲಿ ಸರಳ ಇದ್ದಿಲಿನ ಕೆಟಲ್ ಒಂದು ಇಟ್ಟುಕೊಂಡರೆ ನಿಧಾನದ ಅಡುಗೆ ಅದಕ್ಕೆ, ಜೋರು ಉರಿ ಇದಕ್ಕೆ. ಕೆಟಲ್ ಈಗಾಗಲೇ ಇದ್ದವರು ಅದನ್ನು ಮಾರಬೇಡಿ.

ಕೊಳ್ಳುವುದೇ ಎಂದಾದರೆ

ಕಂಟ್ರೋಲರ್ ಪಿಐಡಿ ಬಗೆಯದೇ, ಅಂದರೆ ಶಾಖದ ಏರಿಳಿತ ನೋಡುತ್ತ ಪೆಲೆಟ್ ಮತ್ತು ಗಾಳಿಯನ್ನು ತಾನೇ ಹದ ಮಾಡುವಂಥದ್ದೇ ಎಂದು ಕೇಳಿ. ಹಳೆಯ ಬಗೆಯಲ್ಲಿ ಆಗರ್ ನಿಗದಿತ ಸೆಕೆಂಡು ತಿರುಗಿ ನಿಗದಿತ ಹೊತ್ತು ನಿಲ್ಲುತ್ತಿತ್ತು, ಶಾಖ ಹತ್ತಿಪ್ಪತ್ತು ಡಿಗ್ರಿ ಜೋಕಾಲಿಯಾಡುತ್ತಿತ್ತು. ಪಿಐಡಿ ಅದನ್ನು ನಾಲ್ಕೈದು ಡಿಗ್ರಿಯೊಳಗೆ ಹಿಡಿಯುತ್ತದೆ. ಬ್ರಿಸ್ಕೆಟ್ಟಿಗೆ ಆ ಏರಿಳಿತದಿಂದ ಏನೂ ಆಗುವುದಿಲ್ಲ, ಬೇಕಿಂಗಿಗೆ ಆಗುತ್ತದೆ. ಫೋನಿನಲ್ಲಿ ಶಾಖ ನೋಡುವ ಸೌಕರ್ಯ ಬೆಲೆ ಏರಿಸುತ್ತದೆ. ರಾತ್ರಿ ಅಡುಗೆ ಮಾಡುವವರಿಗೆ ಮಾತ್ರ ಅದು ಬೇಕು, ಬಾಕಿಯವರು ಆ ದುಡ್ಡನ್ನು ದಪ್ಪ ಉಕ್ಕಿಗೆ ಹಾಕಲಿ. ಯಾವ ಮಾದರಿ ಕೊಂಡರೂ ಮಾಂಸಕ್ಕೆ ಚುಚ್ಚುವ ಒಳ್ಳೆಯ ಥರ್ಮಾಮೀಟರ್ ಒಂದು ಬೇರೆಯಾಗಿ ತನ್ನಿ. ಕೋಳಿ ಒಳಗೆ 74 ಡಿಗ್ರಿ ಮುಟ್ಟಿತೇ ಎಂದು ಗ್ರಿಲ್ಲಿನ ಪರದೆ ಹೇಳಿದ್ದನ್ನಷ್ಟೇ ನಂಬಬೇಡಿ.

ಅಂಗಡಿಯಲ್ಲಿ ಮುಚ್ಚಳ ಎತ್ತಿ ಇಳಿಸಿ. ಅಂಚು ಸುತ್ತಲೂ ಸಮನಾಗಿ ಕೂರಬೇಕು. ತಗಡನ್ನು ಬೆರಳಿನಿಂದ ತಟ್ಟಿ ನೋಡಿ, ಡಬ್ಬಿಯಂತೆ ಸದ್ದು ಮಾಡಿದರೆ ಚಳಿಗಾಲದಲ್ಲಿ ಪೆಲೆಟ್ ಜಾಸ್ತಿ ತಿನ್ನುತ್ತದೆ. ಹಾಪರ್ ಖಾಲಿ ಮಾಡಲು ಪ್ರತ್ಯೇಕ ಬಾಗಿಲಿದೆಯೇ, ಬಟ್ಟಲಿನ ಬೂದಿ ಕೆಳಗಿನಿಂದಲೇ ಬೀಳಿಸಬಹುದೇ ನೋಡಿ. ಈ ಎರಡು ಇದ್ದರೆ ವರ್ಷಗಟ್ಟಲೆ ಶ್ರಮ ಉಳಿಯುತ್ತದೆ. ಹೊತ್ತಿಸುವ ಕಡ್ಡಿ, ಫ್ಯಾನ್, ಕಂಟ್ರೋಲರ್ ಬಿಡಿಯಾಗಿ ಸಿಗುತ್ತವೆಯೇ, ಎಷ್ಟು ದಿನದಲ್ಲಿ ತರಿಸಿಕೊಡುತ್ತಾರೆ ಎಂಬುದನ್ನು ದುಡ್ಡು ಕೊಡುವ ಮೊದಲೇ ಕೇಳಿ ಬರೆದುಕೊಳ್ಳಿ. ಸೆಕೆಂಡ್ ಹ್ಯಾಂಡ್ ನೋಡುತ್ತಿದ್ದರೆ ತಣ್ಣಗಿರುವ ಗ್ರಿಲ್ಲನ್ನು ನಿಮ್ಮೆದುರೇ ಹೊತ್ತಿಸಲು ಹೇಳಿ. ಬಟ್ಟಲಿನ ತಳ ತುಕ್ಕು ಹಿಡಿದು ತೂತಾಗಿದೆಯೇ ಎಂದು ಟಾರ್ಚ್ ಹಾಕಿ ನೋಡಿ. ಬಿಳಿ ಹೊಗೆ ಹತ್ತು ನಿಮಿಷ ಕಳೆದರೂ ತಿಳಿಯಾಗದಿದ್ದರೆ ಬೆಲೆ ಎಷ್ಟೇ ಇಳಿಸಲಿ, ಬಿಟ್ಟು ಬನ್ನಿ.